ರಾಕ್ಷಸನ ಕಣ್ಣು

ನಮ್ಮ ಮನೆಗೆ ರಾಕ್ಷಸನು ಬಂದದ್ದು ಬೂಟಿನ ಡಬ್ಬವೊಂದರಲ್ಲಿ. ಕರೆತಂದವಳು ನನ್ನ ಮಗಳು. ಕಾರಣ, ಮೊಮ್ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆ.

“ಅಪ್ಪಾ, ಇವನ ಪರೀಕ್ಷೆ ಮುಗಿಯೋವರೆಗೆ ಇದು ನಿಮ್ಮ ಹತ್ತಿರ ಇರಲಿ. ಬೆಂಗಳೂರಲ್ಲಿ ಎಲ್ಲಿ ಬಚ್ಚಿಟ್ಟರೂ ಹುಡುಕಿಬಿಡ್ತಾನೆ” ಎಂದು ಅವಳು ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟಳು. ಉಪದ್ರವ ಕೊಡುವ ರಾಕ್ಷಸರನ್ನು ಹಿಂದೆ ಪಾತಾಳಕ್ಕೆ ತಳ್ಳುತ್ತಿದ್ದರೆಂದು ಪುರಾಣ ಹೇಳುತ್ತದೆ. ಈಗ ನಂಜನಗೂಡಿಗೆ ಕಳಿಸುತ್ತಾರೆ.

ಹುಡುಗನೂ ಜೊತೆಯಲ್ಲಿ ಬಂದಿದ್ದ. ತಾಯಿ ಅಡಿಗೆಮನೆಗೆ ಹೋದ ಸಮಯ ನೋಡಿಕೊಂಡು ನನ್ನ ಪಕ್ಕಕ್ಕೆ ಸರಿದು, ಪುಸ್ತಕದ ಚೀಲದ ತಳದಿಂದ ಒಂದು ಸಣ್ಣ ಗಂಟನ್ನು ತೆಗೆದು ನನ್ನ ಕೈಗೆ ತುರುಕಿದ. ಒಳಗೆ ಹೆಬ್ಬೆರಳು ಗಾತ್ರದ ಹದಿನಾಲ್ಕು ಬಣ್ಣದ ಸೀಸೆಗಳು, ಮೂರು ಕುಂಚಗಳು.

“ತಾತ, ಜೋಡಿಸಿ ಆಗಿದೆ. ಬಣ್ಣ ಮಾತ್ರ ಬಾಕಿ. ನೀವು ಡ್ರಾಯಿಂಗ್ ಮೇಷ್ಟ್ರಲ್ವಾ, ನೀವೇ ಹಚ್ಚಿಬಿಡಿ. ಅಮ್ಮನಿಗೆ ಹೇಳಬೇಡಿ.”

ಮೇಷ್ಟ್ರು ಎಂದು ಕರೆದರೆ ಕರಗದ ನಿವೃತ್ತ ಮೇಷ್ಟರನ್ನು ನಾನಿನ್ನೂ ಕಂಡಿಲ್ಲ. ಸರಿ ಎಂದೆ. ಬಲಗೈ ನಡುಗುವ ವಿಚಾರವನ್ನು ಹೇಳಲಿಲ್ಲ. ಅದು ಮೂರು ನಾಲ್ಕು ವರ್ಷದಿಂದ ಬಂದದ್ದು. ಕಾಫಿಯ ಲೋಟ ಬಾಯಿಗೆ ಬರುವಷ್ಟರಲ್ಲಿ ಅಂಗಿಗೂ ಒಂದು ಪಾಲು ಸಿಗುತ್ತದೆ. ಡಾಕ್ಟರು, ವಯಸ್ಸಿನ ನಡುಕ, ಹೆದರಬೇಕಾದ್ದಿಲ್ಲ ಎಂದಿದ್ದಾರೆ. ಹೆದರಲಿಲ್ಲ, ಕುಂಚಗಳನ್ನು ಕಟ್ಟಿ ಅಟ್ಟದ ಮೇಲಿಟ್ಟೆ, ಅಷ್ಟೆ.

ಅವರಿಬ್ಬರೂ ಬಸ್ಸು ಹತ್ತಿದ ಮೇಲೆ ಡಬ್ಬ ತೆರೆದೆ. ಕಾಲಿನಿಂದ ಕೊಂಬಿನ ತುದಿಯವರೆಗೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಎತ್ತರದ ಪ್ಲಾಸ್ಟಿಕ್ಕಿನ ದೈತ್ಯ. ಮೈಯೆಲ್ಲ ಬೂದಿಬಣ್ಣ. ಒಂದು ಕೈಯಲ್ಲಿ ಬೇರುಸಹಿತ ಕಿತ್ತ ಮರ. ಇನ್ನೊಂದು ಮುಷ್ಟಿಯಲ್ಲಿ, ಉಗುರಿನಷ್ಟು ಗುರಾಣಿ ಹಿಡಿದು ಕಾಲು ಬಡಿಯುತ್ತಿರುವ ಒಬ್ಬ ಬಡ ಸಿಪಾಯಿ. ಸೊಂಟಕ್ಕೆ ತಲೆಬುರುಡೆಗಳ ಸರ, ಪಾದದ ಕೆಳಗೆ ಮುರಿದ ಕಲ್ಲುಕಂಬ. ಬಾಯಿ ತೆರೆದು ನಾಲಗೆ ಚಾಚಿದ್ದಾನೆ. ಮೈಸೂರು ಸೀಮೆಯಲ್ಲಿ ಹುಟ್ಟಿದವನಿಗೆ ರಾಕ್ಷಸನೆಂದರೆ ಚಾಮುಂಡಿಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಮಹಿಷಾಸುರ. ಆ ಮೀಸೆಯ ಮುಂದೆ ಈ ಪರದೇಶದವನು ಸ್ವಲ್ಪ ಬೋಳುಬೋಳಾಗಿ ಕಂಡನೆಂಬುದು ನಿಜ. ಆದರೆ ಮೈಕಟ್ಟು ಭರ್ಜರಿ.

ಇವನು ಯಾವ ಆಟಕ್ಕೆ ಸೇರಿದವನು ಎಂಬುದನ್ನು ಹುಡುಗ ನನಗೆ ಮೊದಲೇ ವಿವರಿಸಿದ್ದ. ಮೇಜಿನ ಮೇಲೆ ಗುಡ್ಡ, ಕಾಡು, ಪಾಳುಗೋಡೆಗಳನ್ನು ಹೂಡಿ ಇಬ್ಬರು ಆಟಗಾರರು ಎದುರುಬದುರಾಗಿ ಗೊಂಬೆಗಳ ಸೈನ್ಯ ನಿಲ್ಲಿಸುತ್ತಾರೆ. ಸರದಿ ಬಂದಾಗ ಅಳತೆಪಟ್ಟಿ ಹಿಡಿದು ಇಷ್ಟು ಅಂಗುಲವೆಂದು ನಡೆಸುವುದು. ದಾಳ ಹಾಕಿ, ಹೊಡೆತ ತಗುಲಿತೇ ತಪ್ಪಿತೇ ಎಂದು ನೋಡುವುದು. ಪ್ರಷ್ಯದ ಸೇನಾಧಿಕಾರಿಗಳು 1824ರಿಂದಲೇ ಇಂಥ ಆಟದಲ್ಲಿ ಯುದ್ಧದ ಪಾಠ ಕಲಿಯುತ್ತಿದ್ದರಂತೆ. ಕಾದಂಬರಿಕಾರ ಎಚ್. ಜಿ. ವೆಲ್ಸ್ ಮಹಾಶಯನು 1913ರಲ್ಲಿ ಆಟಿಕೆಯ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಅಚ್ಚುಹಾಕಿಸಿದ. 1983ರಲ್ಲಿ ಇಂಗ್ಲೆಂಡಿನಲ್ಲಿ ‘ವಾರ್‌ಹ್ಯಾಮರ್’ ಬಂದಿತು. ಅದರ ರಣರಂಗದಲ್ಲಿ ಸಿಪಾಯಿಗಳ ಜೊತೆಗೆ ದೈತ್ಯರು, ಪ್ರೇತಗಳು, ಹಾರುವ ಸರ್ಪಗಳು.

ನಮಗೇನೂ ಇದು ತೀರ ಹೊಸದಲ್ಲ. ಆನೆ, ಕುದುರೆ, ರಥ, ಪದಾತಿ ಸೇರಿಯೇ ಚತುರಂಗವಾದದ್ದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಅವರ ಚಾಮುಂಡೇಶ್ವರಿ ಛದವೆಂಬ ಗಂಜೀಫದಲ್ಲಿ 320 ಎಲೆಗಳು. ಒಂದೊಂದರ ಮೇಲೂ ಕೈಯಲ್ಲಿ ಬರೆದ ಚಿತ್ರ. ಆಡುವುದು ಒಂದು ಸಂಜೆ, ಬಣ್ಣ ಹಾಕುವುದು ತಿಂಗಳುಗಟ್ಟಲೆ. ಈ ಲೆಕ್ಕ ಮಾತ್ರ ಅಂದಿಗೂ ಇಂದಿಗೂ ಬದಲಾಗಿಲ್ಲ.

ಕೆಲಸ ಶುರುವಾಯಿತು. ಅಚ್ಚಿನಿಂದ ತೆಗೆದ ಗೊಂಬೆಗೆ ಎಣ್ಣೆಯ ಜಿಡ್ಡು ಅಂಟಿರಬಹುದು, ಮೊದಲು ತೊಳೆಯಬೇಕೆಂದು ಮೊಮ್ಮಗನ ಚೀಟಿಯಲ್ಲಿತ್ತು. ಬಚ್ಚಲಿನಲ್ಲಿ ಉಗುರುಬೆಚ್ಚಗಿನ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ರಾಕ್ಷಸನಿಗೆ ಅಭ್ಯಂಜನವಾಯಿತು. ಆಮೇಲೆ ಪ್ರೈಮರು, ಅಂದರೆ ಅಸ್ತರಿಯ ಬಣ್ಣ. ಡಬ್ಬಿಯಿಂದ ಎರಚುವಂಥದು. ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. ಡಿಸೆಂಬರಿನ ಬೆಳಗು, ಕಪಿಲೆಯ ಮೇಲಿನಿಂದ ಮಂಜು ಎದ್ದು ಊರನ್ನೇ ಮುಸುಕಿತ್ತು. ಯಾರೂ ನೋಡದ ಹೊತ್ತು ಎಂದು ಆಗಲೇ ತಾರಸಿಯ ಮೇಲೆ ಎರಚಿದೆ. ತೇವದ ಗಾಳಿಯಲ್ಲಿ ಆ ಬಣ್ಣ ಮೈಗೆ ಅಂಟುವ ಮೊದಲೇ ಪುಡಿಯಾಗಿ, ರಾಕ್ಷಸನು ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತಾದ. ಎರಡು ದಿನ ಉಜ್ಜಿ ಬಿಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೊಮ್ಮೆ ಎರಚಬೇಕಾಯಿತು.

ಬಣ್ಣದ ಕೆಲಸದಲ್ಲಿ ಮಾತ್ರ ನಾನು ಹೊಸಬನಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿತವನು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಮಡಕೆ, ಮಾವಿನಹಣ್ಣು, ಎರಡು ಗುಡ್ಡದ ನಡುವಿನ ಸೂರ್ಯ ಇವನ್ನು ಬರೆಯಿಸಿದವನು. ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳುವಾಗಿ ಎರಡು ಸಲ ಬಳಿಯುವುದು ಮೇಲು ಎಂದು ನಮ್ಮ ಗುರುಗಳು ಹೇಳುತ್ತಿದ್ದ ಮಾತನ್ನೇ ಹುಡುಗನ ಚೀಟಿಯೂ ಹೇಳುತ್ತಿತ್ತು. ಚರ್ಮಕ್ಕೆ ಹಸಿರುಗೂಡಿದ ಬೂದಿ. ಅದು ಒಣಗಿದ ಮೇಲೆ ಕಂದುಬಣ್ಣವನ್ನು ನೀರಿನಂತೆ ಕದಡಿ ಮೈತುಂಬ ಹರಿಯಬಿಡುವುದು. ಹೊಳೆಯ ನೀರು ತಗ್ಗನ್ನು ಹುಡುಕಿಕೊಂಡು ಹೋಗುವಂತೆ ಅದು ತಾನಾಗಿ ಸುಕ್ಕುಗಳಲ್ಲಿ, ಪಕ್ಕೆಲುಬುಗಳ ಸಂದಿನಲ್ಲಿ ನಿಂತು ನೆರಳಾಗುತ್ತದೆ. ಆಮೇಲೆ ಒಣಕುಂಚ. ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲವೆನ್ನುವ ಸ್ಥಿತಿಗೆ ತಂದು, ಉಬ್ಬಿದ ಕಡೆಗಳ ಮೇಲೆ ಹಗುರವಾಗಿ ಆಡಿಸುವುದು. ಕೊಂಬಿನ ಗೆರೆ, ಗೆಣ್ಣು, ಮೂಗಿನ ತುದಿ ಇವುಗಳ ಮೇಲೆ ಬೆಳಕು ಬಿದ್ದಂತಾಗುತ್ತದೆ. ಈ ಎರಡು ಕೆಲಸಕ್ಕೂ ನಡುಗುವ ಕೈ ಅಡ್ಡಿಯಾಗಲಿಲ್ಲ. ಒಣಕುಂಚಕ್ಕಂತೂ ನಡುಕ ಸಹಾಯವನ್ನೇ ಮಾಡಿತೆಂದು ನನ್ನ ಅನುಮಾನ.

ನಿಜವಾದ ಬೆಳಕು ಇರುವಾಗ ಬೆಳಕನ್ನೂ ನೆರಳನ್ನೂ ಬರೆಯುವುದೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಸಂಜೆ ದೇವಸ್ಥಾನಕ್ಕೆ ಹೋದಾಗ ಉತ್ತರ ಸಿಕ್ಕಿತು. ಮುಮ್ಮಡಿಯವರ ಕಾಲದಲ್ಲಿ ಎದ್ದ ಏಳು ನೆಲೆಯ ಗೋಪುರದ ಗಾರೆಯ ಬೊಂಬೆಗಳಿಗೆ ಸೂರ್ಯನೇ ನೆರಳು ಕೊಡುತ್ತಾನೆ. ಒಂದು ಗೇಣಿನ ಗೊಂಬೆಯ ಮೇಲೆ ಬೀಳುವ ನೆರಳು ಎಷ್ಟರದು? ದೊಡ್ಡವರಿಗೆ ನೆರಳು ತಾನಾಗಿ ಸಿಗುತ್ತದೆ. ಚಿಕ್ಕವರಿಗೆ ಯಾರಾದರೂ ಬರೆದುಕೊಡಬೇಕು.

ನಾಲಗೆಯ ಬಣ್ಣಕ್ಕೆ ತೊಡಕಾಯಿತು. ಹದಿನಾಲ್ಕು ಸೀಸೆಗಳಲ್ಲಿ ಯಾವುದನ್ನು ಯಾವುದಕ್ಕೆ ಬೆರೆಸಿದರೂ ಮನಸ್ಸಿಗೆ ಬಂದ ಗುಲಾಬಿ ಬರಲಿಲ್ಲ. ಬೆಳಗ್ಗೆ ಬಚ್ಚಲಿನಲ್ಲಿ ಅಂಗೈ ನೋಡಿಕೊಂಡಾಗ ಹೊಳೆಯಿತು, ನನಗೆ ಬೇಕಾಗಿದ್ದದ್ದು ನಂಜನಗೂಡು ಹಲ್ಲುಪುಡಿಯ ಬಣ್ಣ! ಚಿಕ್ಕಂದಿನಿಂದ ನಾಲಗೆಗೂ ಆ ಬಣ್ಣಕ್ಕೂ ನಂಟು. ಅಂಗೈಯನ್ನೇ ಎದುರಿಗಿಟ್ಟುಕೊಂಡು ಬಣ್ಣ ಬೆರೆಸಿದೆ. ವಿಲಾಯತಿಯ ರಾಕ್ಷಸನು ಊರಿನ ರಾಕ್ಷಸನಾದ.

ಕುಂಚದ ತುದಿಯನ್ನು ನಾಲಗೆಯಿಂದ ಚೂಪು ಮಾಡುವ ಹಳೆಯ ಕೆಟ್ಟ ಅಭ್ಯಾಸವೂ ಮರಳಿ ಬಂತು. ಹಿಂದೆ ಮೈಸೂರು ಸಂಪ್ರದಾಯದ ಚಿತ್ರಗಾರರು ಚಿನ್ನದ ರೇಕಿನ ಕೆಳಗೆ ಉಬ್ಬುಕೆಲಸಕ್ಕೆ ಬಳಸುತ್ತಿದ್ದ ಮಕ್ಕಿ ಸಫೇದದಲ್ಲಿ ಸಫೇದವೆಂದರೆ ಸೀಸದ ಬಿಳುಪು, ಶುದ್ಧ ವಿಷ. ಅಳಿಲಿನ ಕೂದಲಿನ ಕುಂಚ, ಸೀಸದ ಬಣ್ಣ, ನಾಲಗೆ. ಎಷ್ಟು ಜನ ಎಷ್ಟು ನಂಜು ನುಂಗಿದರೋ! ನಂಜುಂಡನ ಊರಿನಲ್ಲಿ ಈ ಮಾತು ಆಡಬಾರದು. ನುಂಗಿದವನೊಬ್ಬನಿಗೆ ಹೆಸರು ಬಂತು, ಗುಡಿ ಬಂತು.

ಹೀಗೆ ಮೂರು ವಾರ ಕಳೆಯಿತು. ಒಂದು ರಾತ್ರಿ ಹುಡುಗ ಗುಟ್ಟಾಗಿ ಫೋನು ಮಾಡಿದಾಗ ಕೇಳಿದೆ: “ಅಲ್ಲಯ್ಯಾ, ಇಷ್ಟು ದೊಡ್ಡವನು ಆಟದಲ್ಲಿ ಎಷ್ಟು ಹೊತ್ತು ನಿಲ್ತಾನೆ?”

“ಮೊದಲು ಸಾಯೋದೇ ಅವನು ತಾತ. ದೊಡ್ಡವನಲ್ವಾ, ಎಲ್ಲರೂ ಅವನ ಮೇಲೇ ಹೊಡೀತಾರೆ. ಮೂರನೇ ಸರದಿವರೆಗೆ ನಿಂತರೆ ಪುಣ್ಯ.”

ಬೀಳುವುದಕ್ಕೆಂದೇ ಇಷ್ಟೊಂದು ಬಣ್ಣವೆ ಎಂದು ಪೆಚ್ಚಾದೆ. ಆದರೆ ನಂಜನಗೂಡಿನವನು ಹಾಗೆ ಪೆಚ್ಚಾಗಬಾರದು. ಧನುರ್ಮಾಸದಲ್ಲಿ ನಮ್ಮೂರಲ್ಲಿ ಅಂಧಕಾಸುರ ಸಂಹಾರವೆಂಬ ಉತ್ಸವ ನಡೆಯುತ್ತದೆ. ರಾಕ್ಷಸ ಮಂಟಪದ ವೃತ್ತದಲ್ಲಿ ನೆಲದ ಮೇಲೆ ರಂಗೋಲಿಯ ಪುಡಿಯಲ್ಲಿ ರಾಕ್ಷಸನನ್ನು ದೊಡ್ಡದಾಗಿ ಬಿಡಿಸುತ್ತಾರೆ. ಶ್ರೀಕಂಠೇಶ್ವರನ ಉತ್ಸವಮೂರ್ತಿಯನ್ನು ಹೊತ್ತು ತಂದವರು ಅದನ್ನು ತುಳಿದು ಅಳಿಸುತ್ತಾರೆ. ಅಳಿಸಿದರೆ ಸಂಹಾರವಾಯಿತು.

ಆ ವರ್ಷದ ಉತ್ಸವ ಬಂದಾಗ ನಾನೂ ಹೋಗಿ ನಿಂತೆ. ಎಪ್ಪತ್ತು ವರ್ಷದಿಂದ ನೋಡಿದ ಚಿತ್ರವೇ. ಆದರೆ ಕೈಯಲ್ಲಿ ಒಂದು ರಾಕ್ಷಸನಿದ್ದದ್ದರಿಂದ ಈ ಸಲ ಬೇರೆ ಕಣ್ಣಿನಿಂದ ನೋಡಿದೆ. 2023ರ ಡಿಸೆಂಬರಿನಲ್ಲಿ ಈ ಚಿತ್ರದ ವಿಚಾರವಾಗಿಯೇ ಊರಿನಲ್ಲಿ ತಕರಾರು ಎದ್ದಿತ್ತು. ಅದು ಮಹಿಷಾಸುರನ ಚಿತ್ರ, ಅವನು ನಮ್ಮ ರಾಜ, ಅವನನ್ನು ತುಳಿಯಬಾರದು ಎಂದು ಒಂದು ಪಕ್ಷ. ಅವನು ಅಂಧಕಾಸುರ, ಇದು ಹಿಂದಿನಿಂದ ಬಂದ ಆಚರಣೆ ಎಂದು ಇನ್ನೊಂದು ಪಕ್ಷ. ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಆ ಮುಖ ಯಾರದೆಂದು ಅಷ್ಟು ಜನ ಕೇಳಿದರು. ಅದನ್ನು ಬಿಡಿಸಿದ ಕೈ ಯಾರದೆಂದು ನಾನು ಒಂದು ವರ್ಷವೂ ಕೇಳಿರಲಿಲ್ಲ ಎಂಬುದು ಮಾತ್ರ ಆ ರಾತ್ರಿ ಜನಸಂದಣಿಯಲ್ಲಿ ನನಗೆ ಹೊಳೆಯಿತು. ಅಷ್ಟರಲ್ಲಿ ವಾದ್ಯ ಹತ್ತಿರ ಬಂತು. ನೂರು ಕಾಲುಗಳು ಹಾದುಹೋದವು. ಒಂದು ಗಳಿಗೆ ಎರಡು ಕಣ್ಣು ಮಾತ್ರ ಉಳಿದಿದ್ದವು; ಆಮೇಲೆ ಅವೂ ಇಲ್ಲ.

ಅಂಧಕನೆಂದರೆ ಕುರುಡ. ಪಾರ್ವತಿ ಆಟಕ್ಕೆಂದು ಶಿವನ ಕಣ್ಣು ಮುಚ್ಚಿದಾಗ ಲೋಕಕ್ಕೆ ಕವಿದ ಕತ್ತಲಿನಲ್ಲಿ ಹುಟ್ಟಿದವನು. ಆದರೂ ಚಿತ್ರ ಬಿಡಿಸುವವರು ಅವನಿಗೆ ಕಣ್ಣು ಕೊಡುವುದನ್ನು ಮರೆಯುವುದಿಲ್ಲ. ಮನೆಗೆ ಬಂದು ದೀಪ ಹಾಕಿದೆ. ಮೇಜಿನ ಮೇಲೆ ನಮ್ಮವನು ಎಲ್ಲ ಬಣ್ಣವೂ ಮುಗಿದು, ಕಣ್ಣಿಲ್ಲದೆ ನಿಂತಿದ್ದ.

ಕಣ್ಣನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ವಿಗ್ರಹಕ್ಕೂ ದೃಷ್ಟಿ ಕೊಡುವುದು ಕೊನೆಗೇ ಎಂಬುದು ಒಂದು ಕಾರಣ, ಹೆದರಿಕೆ ಇನ್ನೊಂದು. ಕಣ್ಣಿನ ಗುಳಿ ಎಳ್ಳಿನಷ್ಟು. ಅದರಲ್ಲಿ ಗುಡ್ಡೆ, ಗುಡ್ಡೆಯಲ್ಲಿ ಬೊಟ್ಟು. ಎರಡು ಬೊಟ್ಟೂ ಒಂದೇ ಕಡೆ ನೋಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಮಾಲುಗಣ್ಣು. ಮೊಣಕೈ ಮೇಜಿಗೆ ಊರಿದೆ, ಮಣಿಕಟ್ಟಿಗೆ ಮಣಿಕಟ್ಟು ಜೋಡಿಸಿದೆ, ಉಸಿರು ಬಿಗಿಹಿಡಿದೆ. ಕುಂಚ ಮೂಗಿಗೆ ಬಿತ್ತು, ಹುಬ್ಬಿಗೆ ಬಿತ್ತು, ಒಮ್ಮೆ ಸಿಪಾಯಿಯ ಗುರಾಣಿಗೂ ಬಿತ್ತು. ಐದು ಸಲ ಒರೆಸಿ ಆರನೆಯ ಸಲ ಕುಂಚ ಕೆಳಗಿಟ್ಟೆ. ನನಗೆ ರಾಕ್ಷಸನ ಕಣ್ಣು ಬರೆಯಲು ಬಾರದು. ಹಿಂದೆಯೂ ಬರುತ್ತಿರಲಿಲ್ಲ.

ಈ ಕೊನೆಯ ಮಾತನ್ನು ನಾನು ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇನೆ.

1963ರಲ್ಲಿ ನನಗೆ ಹನ್ನೆರಡು ವರ್ಷ. ಶಾಲೆಯ ವಾರ್ಷಿಕೋತ್ಸವದ ಪ್ರದರ್ಶನಕ್ಕೆಂದು ದೊಡ್ಡ ಕಾಗದದ ಮೇಲೆ ಅಂಧಕಾಸುರನನ್ನು ಬರೆದೆ. ಮೈ, ಕೈ, ಕಿರೀಟ ಎಲ್ಲ ಸರಿಯಾಯಿತು, ಕಣ್ಣು ಕೆಟ್ಟಿತು. ರಾತ್ರಿ ಹತ್ತು ಗಂಟೆಗೆ ಕಾಗದ ಹರಿಯಲು ಹೊರಟವನನ್ನು ಅಕ್ಕ ತಡೆದಳು. ನನಗಿಂತ ಆರು ವರ್ಷ ದೊಡ್ಡವಳು. ಎಂಟನೆಯ ತರಗತಿಗೆ ಶಾಲೆ ಬಿಡಿಸಿದ್ದರು. ಅವಳು ಬಾಗಿಲ ಮುಂದೆ ರಂಗೋಲಿ ಇಟ್ಟರೆ ಬೀದಿಯವರು ಸುತ್ತುಹಾಕಿಕೊಂಡು ಹೋಗುತ್ತಿದ್ದರು, ತುಳಿಯಲು ಮನಸ್ಸು ಬಾರದೆ. ಮಧ್ಯಾಹ್ನದ ಹೊತ್ತಿಗೆ ಗಾಡಿಯ ಚಕ್ರ ಹೇಗೂ ಅದನ್ನು ಅಳಿಸುತ್ತಿತ್ತು; ಮರುದಿನ ಇನ್ನೊಂದು. ಅವಳು ಅಡಿಗೆಮನೆಯ ದೀಪದ ಕೆಳಗೆ ಕಾಗದ ಹಾಸಿಕೊಂಡು, ಹಂಚಿಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಜಜ್ಜಿ, ಅದರಿಂದಲೇ ಎರಡು ಕಣ್ಣು ಬರೆದಳು. ನಾನು ಹಿಂದಕ್ಕೆ ಸರಿದೆ. ಅವನು ನನ್ನನ್ನೇ ನೋಡುತ್ತಿದ್ದ.

ಮರುದಿನ ಹೆಡ್‌ಮಾಸ್ಟರು ಚಿತ್ರದ ಮುಂದೆ ಬಹಳ ಹೊತ್ತು ನಿಂತು, “ಕಣ್ಣು ಬಹಳ ಚೆನ್ನಾಗಿದೆ ಕಣಯ್ಯ. ನೀನೇ ಬರೆದೆಯಾ?” ಎಂದರು.

“ಹೌದು ಸಾರ್” ಎಂದೆ.

ಬಹುಮಾನವಾಗಿ ಹನ್ನೆರಡು ಬಿಲ್ಲೆಗಳ ಬಣ್ಣದ ಪೆಟ್ಟಿಗೆ ಸಿಕ್ಕಿತು. ಆ ಬಹುಮಾನದ ಬಲದ ಮೇಲೆಯೇ ನಮ್ಮ ತಂದೆ ಮುಂದೆ ನನ್ನನ್ನು ಚಿತ್ರಕಲೆಗೆ ಸೇರಿಸಲು ಒಪ್ಪಿದರು. ಅದರಿಂದ ಕೆಲಸ, ಕೆಲಸದಿಂದ ಮನೆ, ಪಿಂಚಣಿ. ಮರುವರ್ಷ ಅಕ್ಕನ ಮದುವೆಯಾಗಿ ಅವಳು ತಿರುಮಕೂಡಲು ನರಸೀಪುರಕ್ಕೆ ಹೋದಳು. ಆ ಎರಡು ಕಣ್ಣುಗಳ ವಿಚಾರ ನಮ್ಮ ನಡುವೆ ಮತ್ತೆ ಬರಲಿಲ್ಲ. ಮೂವತ್ತೈದು ವರ್ಷ ನಾನು ಮಕ್ಕಳಿಗೆ, ಇನ್ನೊಬ್ಬರ ಕೈಯಿಂದ ಚಿತ್ರ ಬರೆಸಿಕೊಂಡು ಬರಬೇಡಿ ಎಂದು ಹೇಳಿದೆ.

ಮಾರನೆಯ ಬೆಳಗ್ಗೆ ರಾಕ್ಷಸನನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬೂಟಿನ ಡಬ್ಬದಲ್ಲಿಟ್ಟು, ಬಣ್ಣದ ಗಂಟನ್ನೂ ತೆಗೆದುಕೊಂಡು ನರಸೀಪುರದ ಬಸ್ಸು ಹತ್ತಿದೆ. ನಮ್ಮೂರ ಹೊಳೆ ಹೋಗುವುದೂ ಅಲ್ಲಿಗೇ. ಹದಿನಾರು ಕಾಲು ಮಂಟಪದ ಮುಂದೆ ಹರಿದ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಸಂಗಮವೆನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವೂ ನಡೆಯುತ್ತದೆ. ಸೇರಿದ ಮೇಲೆ ಹೊಳೆಯ ಹೆಸರು ಕಾವೇರಿ. ಕಪಿಲೆಯ ನೀರು ಎಷ್ಟಿದ್ದರೂ ಅಲ್ಲಿಂದ ಮುಂದೆ ಅದರ ಹೆಸರಿಲ್ಲ. ಎಷ್ಟೋ ಸಲ ಈ ಬಸ್ಸಿನಲ್ಲಿ ಹೋಗಿದ್ದೇನೆ. ಆ ದಿನ ಮಾತ್ರ ಇದು ಅಕ್ಕನ ಕಥೆಯಂತೆ ಕಂಡಿತು.

ಅಕ್ಕನಿಗೆ ಈಗ ಎಂಬತ್ತು. ಭಾವ ಹೋಗಿ ಹತ್ತು ವರ್ಷವಾಯಿತು. ಮಗ ಸೊಸೆಯರ ಜೊತೆ ಗುಂಜಾ ನರಸಿಂಹಸ್ವಾಮಿಯ ಗುಡಿಯ ಹತ್ತಿರದ ಬೀದಿಯಲ್ಲಿದ್ದಾಳೆ. ಎರಡು ಕಣ್ಣಿಗೂ ಪೊರೆಯ ಆಪರೇಷನ್ ಆಗಿದೆ. ಬಾಗಿಲ ಮುಂದೆ ರಂಗೋಲಿ ಇನ್ನೂ ಅವಳದೇ. ದಾಟಿಕೊಂಡು ಒಳಗೆ ಹೋದೆ.

“ಏನೋ ಇದು, ಈ ವಯಸ್ಸಲ್ಲಿ ಗೊಂಬೆ ಎತ್ಕೊಂಡು ಬಂದಿದೀಯ?” ಎಂದಳು. ಆದರೆ ಪಂಚೆ ಬಿಚ್ಚಿದಾಗ ಸುಮ್ಮನಾದಳು. ಹಿಟ್ಟು ಅಳೆಯುವ ಸೇರನ್ನು ಕಿಟಕಿಯ ಬೆಳಕಿನಲ್ಲಿ ಬೋರಲು ಹಾಕಿ, ಅವನನ್ನು ಅದರ ಮೇಲೆ ನಿಲ್ಲಿಸಿ, ಸೇರನ್ನೇ ಸುತ್ತಲೂ ತಿರುಗಿಸಿ ನೋಡಿದಳು.

“ಮೈಗೆ ಚೆನ್ನಾಗಿ ಹಾಕಿದೀಯ. ಕಣ್ಣು ಯಾಕೆ ಬಿಟ್ಟಿದೀಯ?”

ನಾನು ಕೈ ಚಾಚಿ ತೋರಿಸಿದೆ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟು, ಮತ್ತೆ ರಾಕ್ಷಸನ ಕಡೆ ತಿರುಗಿದಳು.

“ಇವನಿಗೆ ಯಾರ ಮೇಲೆ ಕೋಪ?”

ರಾಕ್ಷಸನೆಂದ ಮೇಲೆ ಕೋಪವಿರಲೇಬೇಕೆಂದು ನಾನು ತಿಳಿದಿದ್ದೆ. ಯಾರ ಮೇಲೆ ಎಂದು ಯೋಚಿಸಿರಲಿಲ್ಲ.

“ಕೋಪ ಅಲ್ಲ ಕಣೋ. ಪಕ್ಕೆ ನೋಡು, ಎಲುಬು ಎಣಿಸಬಹುದು. ಇವನಿಗೆ ಹಸಿವು. ಎದುರುಗಡೆ ಯಾರಿದಾರೆ ಅನ್ನೋದು ಇವನಿಗೆ ಬೇಕಿಲ್ಲ. ಕೈಯಲ್ಲಿ ಸಿಕ್ಕಿದಾನಲ್ಲ, ಅವನ ಕಡೆ ನೋಡ್ತಾ ಇದಾನೆ.”

ಮೂರು ವಾರ ಅವನ ಒಂದೊಂದು ಪಕ್ಕೆಲುಬಿಗೂ ನಾನು ನೆರಳು ಹಾಕಿದ್ದೆ. ಹಸಿವು ನನಗೆ ಕಂಡಿರಲಿಲ್ಲ.

ಅವಳು ದೇವರ ಗೂಡಿನಿಂದ ಒಂದು ತಗಡಿನ ಡಬ್ಬಿ ತಂದು, ಅದರಿಂದ ಒಂದು ಗುಲಗಂಜಿಯನ್ನು ಆರಿಸಿ ರಾಕ್ಷಸನ ಪಕ್ಕದಲ್ಲಿಟ್ಟಳು. ನರಸೀಪುರದ ಮನೆಯಲ್ಲಿ ಗುಲಗಂಜಿ ಇಲ್ಲದಿರುತ್ತದೆಯೆ! ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂದು ಇಲ್ಲಿಯವರ ಮಾತು. ಅದರ ಗುರುತಿಗೆ ನರಸಿಂಹಸ್ವಾಮಿಯ ಕೈಯಲ್ಲೂ ಗುಲಗಂಜಿ. ರಕ್ತದಂಥ ಕೆಂಪು, ಒಂದು ತುದಿಗೆ ಕಪ್ಪು. ನೋಡು, ಕಣ್ಣು ಅಂದರೆ ಹೀಗಿರಬೇಕು ಎಂದಳು. ನನ್ನ ಕುಂಚಗಳನ್ನು ಮುಟ್ಟಲಿಲ್ಲ. ಪೊರಕೆಯಿಂದ ಒಂದು ಹಂಚಿಕಡ್ಡಿ ಎಳೆದು, ತೊಳೆದು, ತುದಿಯನ್ನು ಹಲ್ಲಿನಲ್ಲಿ ಜಜ್ಜಿದಳು.

ಮೊದಲು ಗುಳಿಯ ತುಂಬ ಕಪ್ಪು. ಅದು ಒಣಗಿದ ಮೇಲೆ ಅಂಚಿನಲ್ಲಿ ಕಪ್ಪು ಉಳಿಯುವಂತೆ ಒಳಗೆ ಕೆಂಪು. ಕಡ್ಡಿ ಕಣ್ಣಿನ ಹತ್ತಿರ ಹೋದಾಗ ಅವಳ ಕೈ ಕಲ್ಲಿನಂತೆ ನಿಂತಿತ್ತು. ಗುಲಗಂಜಿಗೆ ತನ್ನ ಕಪ್ಪು ಕಾಣದೆನ್ನುತ್ತಾರೆ. ನನಗೆ ಕಂಡಿತ್ತು, ತೋರಿಸುವ ಧೈರ್ಯವಿರಲಿಲ್ಲ.

“ಅಕ್ಕ, ಶಾಲೆಗೆ ಒಂದು ಅಂಧಕಾಸುರನ ಚಿತ್ರ ಬರೆದಿದ್ದೆನಲ್ಲ, ನೀನು ಕಣ್ಣು ಹಾಕಿಕೊಟ್ಟಿದ್ದು. ಹೆಡ್‌ಮಾಸ್ಟರು ಕೇಳಿದಾಗ ನಾನೇ ಬರೆದದ್ದು ಅಂದುಬಿಟ್ಟೆ.”

“ಮೇಜಿಗೆ ಕೈ ಊರಬೇಡ, ಸೇರು ಅಲ್ಲಾಡತ್ತೆ” ಎಂದಳು.

ಕೈ ತೆಗೆದೆ. ಎರಡನೆಯ ಕಣ್ಣಿಗೂ ಕೆಂಪು ಬಿತ್ತು. ಆಮೇಲೆ ಕಪ್ಪು ಬೊಟ್ಟು. ನಡುವೆ ಇಡದೆ ಎರಡನ್ನೂ ಕೆಳಮೂಲೆಗೆ, ಮುಷ್ಟಿಯ ಕಡೆಗೆ ಇಟ್ಟಳು. ಕಡ್ಡಿಯ ಇನ್ನೊಂದು ತುದಿಯಿಂದ ಸಾಸಿವೆಯ ಕಾಲುಭಾಗದಷ್ಟು ಬಿಳಿ. ರಾಕ್ಷಸನು ಕೈಯಲ್ಲಿದ್ದ ಸಿಪಾಯಿಯನ್ನು ಕಂಡುಬಿಟ್ಟ. ಸಿಪಾಯಿಯ ಮುಖಕ್ಕೆ ಯಾರೂ ಏನೂ ಮಾಡಿರಲಿಲ್ಲ. ಆದರೂ ಅವನಿಗೆ ಆಗ ಹೆದರಿಕೆ ಬಂದಂತೆ ಕಂಡಿತು.

ಅಕ್ಕ ಕಡ್ಡಿಯನ್ನು ಒರೆಸಿಟ್ಟು ಹೇಳಿದಳು: “ಗೊತ್ತು ಕಣೋ. ಅವಾಗಲೇ ಗೊತ್ತಿತ್ತು. ಹೆಡ್‌ಮಾಸ್ಟರ ಮನೆಯಾಕೆ ಹೊಳೆ ಹತ್ತಿರ ಸಿಕ್ಕಿ, ‘ನಿಮ್ಮ ತಮ್ಮ ಎಂಥಾ ಕಣ್ಣು ಬರೀತಾನೆ’ ಅಂದ್ರು. ನನಗೆ ಎಷ್ಟು ಸಂತೋಷ ಆಯ್ತು ಅಂತೀಯ!”

ನಾನು ಸುಮ್ಮನಿದ್ದೆ.

“ಆ ಪೆಟ್ಟಿಗೇಲಿ ಒಂದು ಕೆಂಪು ಇತ್ತು ನೋಡು, ಅದನ್ನ ಒಂದು ಸಲ ಕೇಳೋಣ ಅಂತಿದ್ದೆ. ಮದುವೆ ಗಲಾಟೇಲಿ ಮರೆತೇಹೋಯ್ತು.”

ಅರವತ್ತು ವರ್ಷ ಮರೆತದ್ದನ್ನು ಯಾರೂ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರುವುದಿಲ್ಲ. ಸೊಸೆ ಊಟಕ್ಕೆ ಕರೆದಳು. ಉಂಡೆವು. ಹೊರಡುವಾಗ ಗಂಟಿನಿಂದ ಕೆಂಪು ಸೀಸೆಯನ್ನು ತೆಗೆದು ಅವಳ ತಗಡಿನ ಡಬ್ಬಿಯ ಪಕ್ಕದಲ್ಲಿಟ್ಟೆ. “ಹುಡುಗ ಬೈಯಲ್ವೇನೋ?” ಎಂದಳು. ಬೈದರೆ ಬೈಯಲಿ ಎಂದೆ. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಗೂಡಿನ ಒಳಗಿಟ್ಟಳು.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿದು ರಾಕ್ಷಸನಿಗೆ ಬಿಡುಗಡೆಯಾಯಿತು. ಕೊಡುವ ಮೊದಲು ಅವನನ್ನು ಮಗುಚಿ, ಪೀಠದ ತಳದಲ್ಲಿ, ನಡುಗುವ ಅಕ್ಷರದಲ್ಲಿ ಎರಡು ಸಾಲು ಬರೆದೆ: ಮೈಗೆ ಬಣ್ಣ ಇಂಥವನದು, ಕಣ್ಣು ಇಂಥವಳದು. ಅಕ್ಕನ ಹೆಸರು ಒಂದು ಚಿತ್ರದ ಮೇಲೆ ಬಿದ್ದದ್ದು ನನಗೆ ತಿಳಿದಂತೆ ಅದೇ ಮೊದಲು.

ಒಂದು ಭಾನುವಾರ ಸಂಜೆ ಹುಡುಗನ ಫೋನು ಬಂತು. “ತಾತ, ಸತ್ತುಹೋದ. ಎರಡನೇ ಸರದಿಗೇ! ಆದರೆ ಆಡೋಕೆ ಮುಂಚೆ ಎಲ್ಲರೂ ಕೈಗೆ ತಗೊಂಡು ನೋಡಿದ್ರು. ಕಣ್ಣು ಯಾರು ಬರೆದಿದ್ದು ಅಂತ ಕೇಳಿದ್ರು.”

“ಏನಂದೆ?”

“ತಲೆಕೆಳಗು ಮಾಡಿ ಓದ್ಕೊಳ್ಳಿ ಅಂದೆ.”